ಯಜಮಾನರ ಕಾಳಗದ ನಾಯಿ

ನಾನು ಹೊಟ್ಟೆಕಿಚ್ಚು ಪಟ್ಟಿದ್ದು ಬೇರೆ ಹೆಂಗಸಿನ ಮೇಲಲ್ಲ, ಒಂದು ನಾಯಿಯ ಮೇಲೆ.

ಹೆತ್ತೂರಿನ ಕಡೆ ನಮಗೆ ಮೂರು ಎಕರೆ ಕಾಫಿ ತೋಟ. ಮದುವೆಯಾಗಿ ಹನ್ನೊಂದು ವರ್ಷವಾಗಿದ್ದಾಗ ಯಜಮಾನರು ಅಗಲ ದವಡೆಯ ಆ ಕಂದು ಮರಿಯನ್ನು ಅಂಗಿಯೊಳಗೆ ಇಟ್ಟುಕೊಂಡು ತಂದರು. ದಿನಾ ಅದಕ್ಕೆ ಬೇಯಿಸಿದ ಮೊಟ್ಟೆ, ಮೈಗೆ ಹರಳೆಣ್ಣೆ. ನಾನು ಜ್ವರದಲ್ಲಿ ಮೂರು ದಿನ ಮಲಗಿದ್ದಾಗ ಹಣೆ ಮುಟ್ಟಿ ನೋಡದ ಕೈ, ಅದರ ಪಾದಕ್ಕೆ ಹೊಕ್ಕ ಮುಳ್ಳನ್ನು ಅರ್ಧ ಗಂಟೆ ಕೂತು ತೆಗೆಯಿತು.

ನಾಯಿಯನ್ನು ಬೆಳೆಸಿದ್ದು ಕಾಳಗಕ್ಕೆ. ಮಾವನವರ ಕಾಲದಲ್ಲಿ ಮನೆ ನಾಯಿಗಳು ಹಂದಿ ಶಿಕಾರಿಗೆ ಹೋಗುತ್ತಿದ್ದವಂತೆ. ಕಾನೂನು ಬಂದು ಶಿಕಾರಿ ನಿಂತ ಮೇಲೆ ಕೆಲವರು ನಾಯಿಯ ಮೇಲೆ ನಾಯಿ ಬಿಟ್ಟು ಆ ಚಟ ತೀರಿಸಿಕೊಂಡರೆಂದು ಅತ್ತೆ ಹೇಳುತ್ತಿದ್ದರು. ಮಾರನಹಳ್ಳಿ ಕಡೆಯ ಪಾಳುಬಿದ್ದ ಎಸ್ಟೇಟಿನ ಕಾಫಿ ಕಣದಲ್ಲಿ ಭಾನುವಾರ ಮಧ್ಯಾಹ್ನ ಜನ ಸೇರುತ್ತಿದ್ದರು. ಗೆದ್ದು ಬಂದ ದಿನ ಯಜಮಾನರು ನಾಯಿಯನ್ನು ತಬ್ಬಿಕೊಂಡು ಮಗುವಿನ ಹಾಗೆ ಮಾತಾಡಿಸುತ್ತಿದ್ದರು. ಅಂಥ ದನಿ ಅವರಲ್ಲಿದೆಯೆಂದು ನನಗೆ ಅದುವರೆಗೆ ತಿಳಿದಿರಲಿಲ್ಲ.

ಒಮ್ಮೆ ಹಸುವಿಗೆ ಔಷಧಿ ತರಲು ಹೋದಾಗ ಪಶುವೈದ್ಯರು, ಪ್ರಾಣಿಗಳನ್ನು ಕಾದಾಡಿಸುವುದು ಬಹಳ ಹಿಂದಿನಿಂದಲೂ ಅಪರಾಧ, ಜನ ಕದ್ದು ನಡೆಸುತ್ತಾರೆ ಎಂದರು. ಆ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು. ಮುಂದಿನ ಭಾನುವಾರ ಪಕ್ಕದ ತೋಟದವರ ಜೀಪಿಗೆ ಯಜಮಾನರು ನಾಯಿಯನ್ನು ಹತ್ತಿಸಿಕೊಂಡು ಹೋದ ಕೂಡಲೇ ಪೊಲೀಸರಿಗೆ ಫೋನ್ ಮಾಡಿದೆ. ಕರುಣೆಯಿಂದ ಮಾಡಿದೆ ಎಂದರೆ ಸುಳ್ಳಾಗುತ್ತದೆ. ಅದು ಮನೆಯಿಂದ ತೊಲಗಿದರೆ ಸಾಕಾಗಿತ್ತು.

ಪೊಲೀಸರು ತಲುಪುವ ಹೊತ್ತಿಗೆ ನಮ್ಮ ನಾಯಿ ನೆಲಕ್ಕೆ ಬಿದ್ದಿತ್ತಂತೆ. ಯಜಮಾನರ ಮೇಲೆ ಕೇಸಾಯಿತು. ಕಿವಿ ಹರಿದು ಮುಂಗಾಲು ಊರಲಾಗದ ನಾಯಿಯನ್ನು ಹಾಸನದ ಬಳಿ ಅನಾಥ ಪ್ರಾಣಿಗಳನ್ನು ಸಾಕುವ ಕಡೆ ಬಿಟ್ಟರು. ಇನ್ನಾದರೂ ಇವರು ನನ್ನವರು ಎಂದುಕೊಂಡೆ. ಮುಂದಿನ ಭಾನುವಾರವೇ ಮೊಟ್ಟೆ ಬೇಯಿಸಿ ಟವೆಲಿನಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದರು. ಅದರಾಚೆಯ ವಾರವೂ. ಐದನೇ ವಾರ ನನಗೆ ತಡೆಯಲಾಗಲಿಲ್ಲ.

“ಪೊಲೀಸ್ರಿಗೆ ಹೇಳಿದ್ದು ನಾನೇ ಕಣ್ರೀ.”

ಅವರು ಟವೆಲಿಗೆ ಗಂಟು ಹಾಕುತ್ತಿದ್ದರು. “ಗೊತ್ತೈತೆ ಕಣೆ, ನಿನ್ ಫೋನಲ್ಲಿ ನಂಬರ್ ನೋಡ್ದೆ. ನೀನು ಹೇಳ್ದೇ ಇದ್ದಿದ್ರೆ ಅದು ಅಲ್ಲೇ ಸತ್ತೋಗ್ಬುಡ್ತಿತ್ತು. ಬಿಡಿಸೋಕೆ ನಾನು ಕೈ ಹಾಕ್ಲೇ ಇಲ್ಲ. ಎಲ್ರೂ ನೋಡ್ತಾವ್ರೆ ಅಂತ ಸುಮ್ಕೆ ನಿಂತಿದ್ದೆ.”

ಬೈದಿದ್ದರೆ ವಾಸಿಯಿತ್ತು. ಆ ದಿನ ನಾನೂ ಜೊತೆಗೆ ಹೊರಟೆ. ನಾವು ತಲುಪುತ್ತಲೇ ನಾಯಿ ಕುಂಟುತ್ತ ಬಂದು ಅವರ ಮಂಡಿಯ ಮೇಲೆ ಗದ್ದವಿಟ್ಟಿತು. ಅವರು ಬಿಕ್ಕಿ ಬಿಕ್ಕಿ ಅತ್ತರು. ನನ್ನ ಬಸಿರು ನಿಲ್ಲದೆ ಹೋದಾಗ ಆಸ್ಪತ್ರೆಯ ಗೇಟಿನ ಹೊರಗೆ ಬೀಡಿ ಸೇದುತ್ತ ನಿಂತಿದ್ದ ಮನುಷ್ಯ ಇವರೇ. ನಾಯಿ ಉಳಿದದ್ದು ನನ್ನಿಂದ ಎಂಬುದು ಗೊತ್ತಿದ್ದೂ ನೋಡಲಾರದೆ ಹೊರಗೆ ಬಂದು ಬೇಲಿ ಹಿಡಿದು ನಿಂತೆ.

ಈಗಲೂ ಅವರು ಭಾನುವಾರ ತಪ್ಪಿಸುವುದಿಲ್ಲ. ನಾನು ಒಮ್ಮೊಮ್ಮೆ ಹೋಗುತ್ತೇನೆ, ಒಮ್ಮೊಮ್ಮೆ ತಲೆನೋವೆಂದು ಹೇಳಿ ಮನೆಯಲ್ಲೇ ಉಳಿಯುತ್ತೇನೆ.