ಹದಿನೆಂಟು ಹಲ್ಲಿನ ಸ್ಪ್ರಾಕೆಟ್

2022ರಲ್ಲಿ ನಾನು ಐಟಿಐ ಬೋಧಕನ ಕೆಲಸದಿಂದ ನಿವೃತ್ತನಾಗಿ, ಹಾಸನದಲ್ಲಿ ಮನೆಗೆ ಅಂಟಿದ ಶೆಡ್ಡಿನಲ್ಲಿ ಹಳೆಯ ಮೋಟರ್ ಸೈಕಲ್ಲುಗಳನ್ನು ರಿಪೇರಿ ಮಾಡಿಕೊಂಡಿದ್ದೇನೆ. ಬಂದುಹೋದ ಗಾಡಿಗಳಲ್ಲಿ ಮುಕ್ಕಾಲುಪಾಲು ನನಗೆ ನೆನಪಿಲ್ಲ. ಒಂದು ಗಾಡಿಯನ್ನು ಮಾತ್ರ ನೆನೆಸಿಕೊಂಡರೆ ಈಗಲೂ ತಲೆ ಬಿಸಿಯಾಗುತ್ತದೆ.

ಅದು 350 ಸಿಸಿಯ ಹಳೆಯ ಸಿಂಗಲ್ ಸಿಲಿಂಡರ್ ಗಾಡಿ. ಅದರ ಯಜಮಾನರು ತೀರಿಕೊಂಡ ಮೇಲೆ ಮೂವರು ಗಂಡುಮಕ್ಕಳು ಜಮೀನು, ಮನೆ, ಪಾತ್ರೆ-ಪಗಡ ಎಲ್ಲವನ್ನೂ ಪಾಲು ಮಾಡಿಕೊಂಡರು. ಬೈಕನ್ನು ಕೊಯ್ದು ಹಂಚುವಂತಿಲ್ಲವಲ್ಲ! ಬೋರ್‌ವೆಲ್ ನೀರಿಗೆ ಪಾಳಿ ಹಾಕಿಕೊಳ್ಳುವಂತೆ ಅದಕ್ಕೂ ಪಾಳಿ ಹಾಕಿಕೊಂಡರು. ಯುಗಾದಿಯಿಂದ ಗೌರಿ ಹಬ್ಬದವರೆಗೆ ಅರಕಲಗೂಡಿನಲ್ಲಿ ಶುಂಠಿ ಬೆಳೆಯುವ ನಂಜುಂಡನಿಗೆ. ಗೌರಿ ಹಬ್ಬದಿಂದ ಸಂಕ್ರಾಂತಿಯವರೆಗೆ ಚನ್ನರಾಯಪಟ್ಟಣದಲ್ಲಿ ಪೈಪಿನ ಅಂಗಡಿ ಇಟ್ಟಿದ್ದ ಕಿರಿಯವನಾದ ಲೋಕೇಶನಿಗೆ. ಉಳಿದ ಚೂರುಪಾರು ತಿಂಗಳು, ಹಿರಿಯನಾಗಿ ಹುಟ್ಟಿದ ತಪ್ಪಿಗೆ, ಹೊಳೆನರಸೀಪುರದಲ್ಲಿ ಶಾಲೆಯ ಗುಮಾಸ್ತರಾಗಿದ್ದ ತಿಮ್ಮೇಗೌಡರಿಗೆ. ಗೌರಿ ಹಬ್ಬದ ದಿನ ಗಾಡಿ ಯಾರ ಕೈಯಲ್ಲಿರುತ್ತದೋ ಅವರು ಸಾಲಗಾಮೆಗೆ ಹೋಗಿ ತಿಮ್ಮೇಗೌಡರ ತಂಗಿ, ಉಳಿದಿಬ್ಬರ ಅಕ್ಕ ಜಯಮ್ಮನಿಗೆ ತವರಿನ ಬಾಗಿನ ಕೊಟ್ಟು ಬರಬೇಕು ಎಂದೂ ಮಾತಾಗಿತ್ತು. ಅವರ ಅಪ್ಪ ಪ್ರತಿವರ್ಷ ಅದೇ ಗಾಡಿಯಲ್ಲಿ ಮೊರದ ಬಾಗಿನ ಕಟ್ಟಿಕೊಂಡು ಹೋಗುತ್ತಿದ್ದರಂತೆ.

ತಕರಾರು ಶುರುವಾದದ್ದು ಲೋಕೇಶ ತನ್ನ ಪಾಳಿಯಲ್ಲಿ ಎಂಜಿನ್ನನ್ನು 500 ಸಿಸಿಗೆ ಏರಿಸಿದ ಮೇಲೆ. ಹೊಸ ಸಿಲಿಂಡರ್, ದೊಡ್ಡ ಪಿಸ್ಟನ್, ದೊಡ್ಡ ಕಾರ್ಬ್ಯುರೇಟರ್ ಎಲ್ಲವನ್ನೂ ಹಾಕಿದ್ದು ನಾನೇ, ಕೆಲಸವೂ ಚೆನ್ನಾಗಿಯೇ ಬಂದಿತ್ತು. ಎಂಜಿನ್ ಬದಲಾದರೆ ಸ್ಪ್ರಾಕೆಟ್ಟನ್ನೂ, ಅಂದರೆ ಚೈನು ಕೂರುವ ಹಲ್ಲಿನ ಚಕ್ರವನ್ನೂ, ಹೊಸದಾಗಿ ಆರಿಸಬೇಕು. ಗೇರ್ ಬಾಕ್ಸಿನಿಂದ ಹೊರಟ ಚೈನು ಹಿಂದಿನ ಚಕ್ರದ 38 ಹಲ್ಲಿನ ಸ್ಪ್ರಾಕೆಟ್ಟನ್ನು ತಿರುಗಿಸುತ್ತದೆ. ಮುಂದಿನ ಸ್ಪ್ರಾಕೆಟ್ಟಿನಲ್ಲಿ ಹಲ್ಲು ಕಡಿಮೆಯಿದ್ದರೆ ಗಾಡಿ ಚೆನ್ನಾಗಿ ಎಳೆಯುತ್ತದೆ, ಆದರೆ ವೇಗ ಹೆಚ್ಚಿದಂತೆ ಎಂಜಿನ್ ಕಿರುಚಿಕೊಂಡು ಬಿಸಿಯೇರುತ್ತದೆ. ಹಲ್ಲು ಹೆಚ್ಚಾದರೆ ಹೈವೇಯಲ್ಲಿ ಹಾಯಾಗಿ ಓಡುತ್ತದೆ, ಏರಿನಲ್ಲಿ ಹೊರೆ ಹೊತ್ತಾಗ ಏದುಸಿರು ಬಿಡುತ್ತದೆ.

ನಂಜುಂಡನಿಗೆ 16 ಹಲ್ಲೇ ಬೇಕು. "ಅಪ್ಪಯ್ಯ ಆಕ್ಸಿದ್ದು ಅದೇ ಕಣ್ ಸಾ. ಮೂಟೆ ಏರ್ಕಂಡು ದಿಣ್ಣೆ ಅತ್ತಬ್ಯಾಡ್ವಾ?" ಎನ್ನುತ್ತಿದ್ದ. ಲೋಕೇಶನಿಗೆ 19ಕ್ಕಿಂತ ಒಂದೂ ಕಡಿಮೆಯಾಗಬಾರದು, ಅವನದು ಹೈವೇ ಸವಾರಿ. ತಿಮ್ಮೇಗೌಡರು ಯಾವ ಜಗಳದಲ್ಲೂ ನಡುವೆ ನಿಲ್ಲುವವರು, 17 ಇರಲಿ ಎಂದರು. ಲೆಕ್ಕ ಹಾಕಿ ನೋಡಿದರೆ 18 ಸರಿಯಾಗಿತ್ತು. ಹಳೆಯ ಎಂಜಿನ್ ಹದಿನಾರರಲ್ಲಿ ಎಳೆಯುತ್ತಿದ್ದ ಹೊರೆಯನ್ನು ಹೊಸ ಎಂಜಿನ್ ಹದಿನೆಂಟರಲ್ಲೇ ಎಳೆಯುತ್ತದೆ, ಹೈವೇಯಲ್ಲೂ ಕಿರುಚುವುದಿಲ್ಲ. ಮೂವರಿಗೂ ಕಾಗದದ ಮೇಲೆ ಬರೆದು ತೋರಿಸಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು ಮೂರು ಜನ ಒಂದೇ ಮನೆಯಲ್ಲಿ ಹುಟ್ಟಿದರೆ ಮೆಕ್ಯಾನಿಕ್ಕಿನ ಗತಿ ಏನು?

ಆ ಮಾದರಿಯ ಗಾಡಿಯಲ್ಲಿ ಮುಂದಿನ ಸ್ಪ್ರಾಕೆಟ್ ಕುಳಿತಿರುವುದು ಕ್ಲಚ್ಚಿನ ಹಿಂದೆ. ಎಡಗಡೆಯ ಕವರ್ ಬಿಚ್ಚಿ, ಆಯಿಲ್ ಇಳಿಸಿ, ಕ್ಲಚ್ಚನ್ನು ಪೂರ್ತಿ ಹೊರಗೆ ತೆಗೆದರೆ ಮಾತ್ರ ಅದು ಮುಖ ತೋರಿಸುತ್ತದೆ. ಹಲ್ಲು ಬದಲಾದರೆ ಚೈನಿನ ಉದ್ದವನ್ನೂ ಸರಿಮಾಡಬೇಕು. ಹಬ್ಬ ಬಂತೆಂದರೆ ಪಾಳಿ ಬದಲು, ಪಾಳಿ ಬದಲಾದರೆ ನನಗೆ ಈ ಶಿಕ್ಷೆ. ಪಂಚಾಂಗದಲ್ಲಿ ಹಬ್ಬ ನೋಡಿದರೆ ಸಾಕು, ನನ್ನ ಸೊಂಟ ನೋಯಲು ಶುರುವಾಗುತ್ತಿತ್ತು. ಅದಕ್ಕಿಂತ ಹೆಚ್ಚು ಸಂಕಟವಾಗುತ್ತಿದ್ದದ್ದು ಗಾಡಿಯನ್ನು ಕಂಡು. ನಂಜುಂಡನ ಹದಿನಾರನ್ನೇ ಇಟ್ಟುಕೊಂಡು ಲೋಕೇಶ ಒಮ್ಮೆ ಹೈವೇಗೆ ನುಗ್ಗಿ, ಎಂಜಿನ್ ಕಾದು ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುವಂತೆ ಮಾಡಿಕೊಂಡ. ತಿಮ್ಮೇಗೌಡರ ಪಾಳಿಯಲ್ಲೂ ಹಾಗೆಯೇ ಉಳಿದುಬಂದ ಲೋಕೇಶನ ಹತ್ತೊಂಬತ್ತನ್ನು ಬದಲಿಸುವ ಮೊದಲೇ ನಂಜುಂಡ ಮೂಟೆ ಹೇರಿ ಕ್ಲಚ್ ಪ್ಲೇಟು ಸುಟ್ಟ. ಒಳ್ಳೆಯ ಎಂಜಿನ್ನೊಂದು ಅಣ್ಣತಮ್ಮಂದಿರ ಹಟಕ್ಕೆ ಹಾಳಾಗುತ್ತಿತ್ತು.

ಒಂದು ವರ್ಷ ಗೌರಿ ಹಬ್ಬಕ್ಕೆ ಎರಡು ದಿನವಿರುವಾಗ ನಂಜುಂಡ ಗಾಡಿ ತಂದು ನಿಲ್ಲಿಸಿದ. "ನನ್ ಪಾಳಿ ಮುಗೀತು. ಅವನಿಗೆ ಏನು ಬೇಕೋ ಆಕ್ಕೊಡಿ" ಎಂದು ಬಸ್ಸು ಹತ್ತಿದ. ನಾನು ಕ್ಲಚ್ ಬಿಚ್ಚಿದೆ. ಹಾಕಲೆಂದು ಎತ್ತಿಟ್ಟಿದ್ದ ಲೋಕೇಶನ ಹತ್ತೊಂಬತ್ತರ ಹಲ್ಲುಗಳು ಸವೆದು ಕೊಕ್ಕೆಯಾಗಿದ್ದವು. ಹೊಸದು ಬರುವುದು ಹಬ್ಬ ಕಳೆದ ಮೇಲೆಯೇ. ನನ್ನಲ್ಲಿದ್ದ ಹದಿನೆಂಟನ್ನು ಹಾಕಿಕೊಡುತ್ತೇನೆಂದು ಲೋಕೇಶನಿಗೆ ಫೋನ್ ಮಾಡಿದರೆ, ಬೇಡವೇ ಬೇಡ ಎಂದ. ಗಾಡಿ ಬಿಚ್ಚಿದಂತೆಯೇ ಉಳಿಯಿತು.

ಹಬ್ಬದ ಮರುದಿನ ಬೆಳಿಗ್ಗೆ ಐವತ್ತು ದಾಟಿದ ಹೆಂಗಸೊಬ್ಬರು ಶೆಡ್ಡಿನ ಮುಂದೆ ಬಂದು ನಿಂತರು.

"ಮೇಷ್ಟ್ರೇ, ನಮ್ಮಪ್ಪಯ್ಯನ ಗಾಡಿ ಇಲ್ಲೈತಾ?"

ಜಯಮ್ಮ ಎಂದು ಗೊತ್ತಾಯಿತು. ಒಳಗೆ ಕರೆದು ತೋರಿಸಿದೆ. ಹೊಟ್ಟೆ ಸೀಳಿದಂತೆ ಬಿದ್ದಿದ್ದ ಗಾಡಿಯನ್ನು ಅವರು ಒಂದು ಸುತ್ತು ಬಂದು ನೋಡಿದರು.

"ಸದ್ದು ಕೇಳ್ತದೆ ಅಂತ ಸಂಜೆಗಂಟ ಬಾಗ್ಲಲ್ಲೇ ಕುಂತಿದ್ದೆ. ನಂಜುಂಡನ್ನ ಕೇಳಿದ್ರೆ ಪಾಳಿ ಮುಗೀತು ಅಂತಾನೆ. ಲೋಕೇಶ ಗಾಡಿನೇ ಕೈಗ್ ಬಂದಿಲ್ಲ ಅಂತಾನೆ. ಅಣ್ಣಯ್ಯಂಗೆ ಸಂಕ್ರಾಂತಿಗಂತೆ ಪಾಳಿ. ಬಸ್ಸಲ್ಲಿ ಬರಾಕೆ ಮೂರು ಜನುಕ್ಕೂ ಕಾಲಿರ್ನಿಲ್ವಾ?"

ಅವರು ಅಳಲಿಲ್ಲ. ಅತ್ತಿದ್ದರೇ ನನಗೆ ಸಮಾಧಾನವಾಗುತ್ತಿತ್ತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಅಣ್ಣತಮ್ಮಂದಿರ ಜಗಳದಲ್ಲಿ ಈ ಹೆಣ್ಣುಮಗಳ ತವರೇ ಬಡವಾಗಿತ್ತು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹದಿನಾರು, ಹದಿನೇಳು, ಹತ್ತೊಂಬತ್ತರ ರಾಮಾಯಣವನ್ನೆಲ್ಲ ಅವರಿಗೆ ಒದರಿ, ಹದಿನೆಂಟನ್ನು ಕೈಯಲ್ಲಿ ಹಿಡಿದು ತೋರಿಸಿದೆ.

"ಸರಿಯಾದದ್ದು ಇದು ತಾಯಿ. ಯಾರಿಗೂ ಬೇಡ."

"ಇದು ಯಾರು ಕೇಳಿದ್ದು?"

"ಯಾರೂ ಕೇಳಿಲ್ಲ. ಅದಕ್ಕೇ ಬೇಡವಾಗಿರೋದು."

ಜಯಮ್ಮ ಅದನ್ನು ಕೈಗೆ ತೆಗೆದುಕೊಂಡು ಸೆರಗಿನಲ್ಲಿ ಗ್ರೀಸು ಒರೆಸಿದರು. "ಅಂಗಾದ್ರೆ ಇದು ನಂದು. ಭಾನುವಾರ ಮೂರು ಜನುನ್ನೂ ಇಲ್ಲಿಗೆ ಕರೀರಿ."

ಭಾನುವಾರ ಮೂವರೂ ಬಂದರು, ಬಸ್ಸಿನಲ್ಲೇ. ಅಕ್ಕ ನನ್ನ ಸ್ಟೂಲಿನ ಮೇಲೆ ಕುಳಿತಿದ್ದನ್ನು ಕಂಡು ಮೂವರೂ ಬಾಗಿಲಲ್ಲೇ ನಿಂತರು. ಜಯಮ್ಮ ದನಿ ಏರಿಸಲಿಲ್ಲ.

"ಜಮೀನ್ನಾಗೆ ಪಾಲು ಕೇಳ್ನಿಲ್ಲ, ಮನೇಲಿ ಕೇಳ್ನಿಲ್ಲ. ಅಪ್ಪಯ್ಯನ ಗಾಡೀಲಿ ಈ ಹಲ್ಲಿನ್ ಚಕ್ರ ಒಂದು ನನ್ ಪಾಲು. ಇದನ್ನ ಬಿಚ್ಚೋರು ನಮ್ಮನೆ ಬಾಗ್ಲಿಗೆ ಬರ್ಬ್ಯಾಡಿ."

ಲೋಕೇಶ ಬಾಯಿ ತೆರೆದ. ತಿಮ್ಮೇಗೌಡರು ಅವನತ್ತ ಒಮ್ಮೆ ನೋಡಿ, "ಸುಮ್ಕಿರ್ಲಾ" ಎಂದರು. ಆಮೇಲೆ ನನ್ನತ್ತ ತಿರುಗಿ, "ಆಕ್ಬುಡಿ ಮೇಷ್ಟ್ರೇ" ಎಂದರು. ಎಲ್ಲದರಲ್ಲೂ ನಡುವೆ ನಿಲ್ಲುತ್ತಿದ್ದ ಮನುಷ್ಯ ಒಂದು ಕಡೆ ನಿಂತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮೂವರನ್ನೂ ಬೆಂಚಿನ ಮೇಲೆ ಕೂರಿಸಿಕೊಂಡೇ ಸ್ಪ್ರಾಕೆಟ್ ಕೂರಿಸಿ, ನಟ್ಟು ಸಡಿಲವಾಗದಂತೆ ಲಾಕ್ ವಾಷರ್ ಮಡಿಸಿ, ಕ್ಲಚ್ ಜೋಡಿಸಿದೆ. ಸಂಜೆ ಲೋಕೇಶ ಅಕ್ಕನನ್ನು ಹಿಂದೆ ಕೂರಿಸಿಕೊಂಡು ಸಾಲಗಾಮೆಗೆ ಹೊರಟ. ಮೂವರೂ ಸೇರಿ ಪೇಟೆಯಿಂದ ತಂದ ಬಾಗಿನ ಜಯಮ್ಮನವರ ಮಡಿಲಲ್ಲಿತ್ತು. ಶೆಡ್ಡಿನ ಮುಂದಿನ ಏರನ್ನು ಗಾಡಿ ಒಂದೂ ಗೇರು ಇಳಿಸದೆ ಹತ್ತಿತು.

ಬುದ್ಧಿ ಬಂತು ಎಂದುಕೊಂಡರೆ, ಎಲ್ಲಿಯ ಬುದ್ಧಿ! ಹೈವೇಯಲ್ಲಿ ಮಜಾ ಇಲ್ಲ ಎಂದು ಲೋಕೇಶ ಫೋನ್ ಮಾಡಿದ. ಯುಗಾದಿ ಕಳೆದ ಮೇಲೆ ನಂಜುಂಡ, ದಿಣ್ಣೆಯಲ್ಲಿ ಸ್ವಲ್ಪ ಭಾರ ಅನಿಸುತ್ತದೆ ಎಂದ. "ಬಿಚ್ಚೋಣ, ನಿಮ್ಮಕ್ಕನ್ನ ಒಂದು ಮಾತು ಕೇಳಿಬಿಡಿ" ಎಂದೆ. ಇವತ್ತಿನವರೆಗೆ ಯಾರೂ ಕೇಳಿಲ್ಲ. ಪಿಸ್ಟನ್ನೂ ಕ್ಲಚ್ಚೂ ತಣ್ಣಗಿವೆ.

ಚೈನು, ಹಲ್ಲು, ಅನುಪಾತ ಎಂದು ತರಗತಿಯಲ್ಲಿ ವರ್ಷಾನುಗಟ್ಟಲೆ ಪಾಠ ಮಾಡಿದ್ದೇನೆ. ಲೆಕ್ಕ ಸರಿಯಾಗಿದ್ದರೆ ಸಾಲದು, ಅದನ್ನು ಹೇಳಬೇಕಾದವರು ಹೇಳಬೇಕು ಎಂಬುದನ್ನು ಈ ಗಾಡಿ ಕಲಿಸಿತು. ಈಗ ಗೌರಿ ಹಬ್ಬಕ್ಕೆ ಪಾಳಿ ಬದಲಾಗುವುದು ನನ್ನ ಶೆಡ್ಡಿನಲ್ಲಲ್ಲ, ಸಾಲಗಾಮೆಯ ಜಯಮ್ಮನವರ ಅಂಗಳದಲ್ಲಿ. ಗಾಡಿ ಕೊಡುವವನೂ ಬರುತ್ತಾನೆ, ಪಡೆಯುವವನೂ ಬರುತ್ತಾನೆ. ಆ ಹಬ್ಬಕ್ಕೆ ಪಾಳಿಯೇ ಇಲ್ಲದ ತಿಮ್ಮೇಗೌಡರು ಬಸ್ಸಿನಲ್ಲಿ ಬಂದು, ಇಬ್ಬರಿಗಿಂತ ಮೊದಲೇ ಬಾಗಿಲಲ್ಲಿ ಕುಳಿತಿರುತ್ತಾರಂತೆ.