ಅಂಗಿಯ ಜೇಬಿನಲ್ಲಿ ಉಳಿದ ಬ್ಯಾಡ್ಜ್

ಹಲ್ಲುಜ್ಜುವಾಗ ಒಸಡಿನಿಂದ ರಕ್ತ ಬರುತ್ತಿದೆ ಎಂದು ಲೋಕೇಶ ಹೇಳಿದಾಗ, ಬ್ರಷ್ ಬದಲಿಸು ಎಂದೆ. ಅವನು ನನ್ನ ಬಾಮೈದ, ಅಮೃತೂರಿನವನು. ಕರಾವಳಿಯ ಅಣುಸ್ಥಾವರವೊಂದರಲ್ಲಿ ಗುತ್ತಿಗೆದಾರನ ಕೈಕೆಳಗೆ ಫಿಟ್ಟರ್. ದೋಷ ಕಂಡು ನಿಲ್ಲಿಸಿದ್ದ ಸ್ಥಾವರದಲ್ಲಿ ಮೂರು ತಿಂಗಳು ಪೈಪು ಬದಲಿಸಿ, ಅದು ಮತ್ತೆ ಚಾಲೂ ಆಗುವ ಮುಂಚೆ ರಜೆ ಹಾಕಿ ತುಮಕೂರಿನ ಉಪ್ಪಾರಹಳ್ಳಿಯ ನಮ್ಮ ಮನೆಗೆ ಬಂದಿದ್ದ.

ಮೂರನೇ ದಿನ ಕಾಲಿನ ಮೇಲೆ ಕೆಂಪು ಚುಕ್ಕೆಗಳು. ಲ್ಯಾಬ್‌ನವರು ರಿಪೋರ್ಟ್ ಕೊಡುವ ಬದಲು ಇನ್ನೊಮ್ಮೆ ರಕ್ತ ತೆಗೆದರು.

ಎರಡನೇ ಸಲವೂ ರಕ್ತಕಣಗಳ ಎಣಿಕೆ ಅಷ್ಟೇ ಕಡಿಮೆ ಬಂತು.

ಬೆಂಗಳೂರಿನಲ್ಲಿ ಬೋನ್ ಮ್ಯಾರೋ ಟೆಸ್ಟ್. ಅಪ್ಲಾಸ್ಟಿಕ್ ಅನೀಮಿಯಾ ಎಂದರು. ಮೂಳೆಯೊಳಗಿನ ಮಜ್ಜೆ ರಕ್ತ ತಯಾರಿಸುವುದನ್ನೇ ಬಿಡುತ್ತಿದೆ. ಕೆಲಸದ ಬಗ್ಗೆ ಕೇಳಿದ ಡಾಕ್ಟರ್, ವಿಕಿರಣ ಅಳೆಯಲು ಎದೆಗೆ ಸಿಕ್ಕಿಸಿಕೊಳ್ಳುವ ಬ್ಯಾಡ್ಜ್‌ನ ದಾಖಲೆ ತರಿಸಿ ಎಂದರು. ಸ್ಥಾವರದಿಂದ ಫ್ಯಾಕ್ಸ್‌ನಲ್ಲಿ ಬಂತು. ಎಲ್ಲವೂ ಮಿತಿಯೊಳಗೆ.

ನನಗೆ ಸಮಾಧಾನವಾಯಿತು. ನಾನು ತುಮಕೂರಿನ ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೂರುವವನು. ಅದೇ ವಾರ ಸ್ಥಾವರದ ಆಡಳಿತದ ಹೇಳಿಕೆಯೊಂದು ಬಂದಿತ್ತು: ಮರುಚಾಲನೆ ಸುರಕ್ಷಿತ, ಕಾರ್ಮಿಕರ ದಾಖಲೆಗಳೇ ಸಾಕ್ಷಿ. ಸುತ್ತಲಿನ ಹಳ್ಳಿಯವರ ಆತಂಕವನ್ನು ನಾನೇ ಕೊನೆಯ ಪ್ಯಾರಾಕ್ಕೆ ತಳ್ಳಿದ್ದೆ.

ವಾರ್ಡಿನಲ್ಲಿ ಆ ಸುದ್ದಿ ಓದಿ ಲೋಕೇಶ ನಕ್ಕ.

“ಏನ್ಲಾ ನಗ್ತೀಯ?”

“ಬ್ಯಾಡ್ಜು ಅಂಗಿ ಜೇಬಲ್ಲಿರ್ತಿತ್ತು ಭಾವ. ಅಂಗಿ ಹೊರಗಡೆ ಗೂಟದಲ್ಲಿ. ನಾವು ಒಳಗೆ.”

ಅಳತೆ ಮಿತಿ ಮುಟ್ಟಿದರೆ ಗೇಟ್ ಪಾಸ್ ರದ್ದು ಮಾಡಿ ಊರಿಗೆ ಕಳಿಸುತ್ತಿದ್ದರು, ಕೂಲಿಯೂ ನಿಲ್ಲುತ್ತಿತ್ತು. ಅದಕ್ಕೇ ವಿಕಿರಣ ಹೆಚ್ಚಿರುವ ಜಾಗಕ್ಕೆ ಇಳಿಯುವ ಮುಂಚೆ ಬಿಚ್ಚಿಡುವುದು. ಯಾರೂ ಹೇಳಿಕೊಟ್ಟಿರಲಿಲ್ಲ. ಯಾರೂ ತಡೆದೂ ಇರಲಿಲ್ಲ.

“ಎಲ್ರೂನಾ?”

“ಹಾಕ್ಕೊಂಡ್ ಹೋಗೋನ್ನ ದಡ್ಡ ಅಂತ ರೇಗಿಸ್ತಿದ್ವಿ, ಬುಡು.”

ಹೊದಿಕೆ ಮಡಿಸುತ್ತಿದ್ದ ನನ್ನ ಹೆಂಡತಿ ಸುಮಿತ್ರಾ, “ದಡ್ಡ ಯಾರು ಅಂತ ಈಗ ಗೊತ್ತಾಯ್ತಲ್ಲ” ಎಂದು ತಮ್ಮನಿಗೆ ಬೆನ್ನು ತಿರುಗಿಸಿದಳು.

ಬ್ಯಾಡ್ಜ್ ಬಿಚ್ಚಿಡುತ್ತಿದ್ದುದನ್ನು ತಿಳಿಸಿದಾಗ ಡಾಕ್ಟರ್ ಫೈಲಿನಲ್ಲಿ ಬರೆದುಕೊಂಡರು. “ಇದೇ ಕಾರಣ ಅಂತ ಹೇಳಕ್ಕಾಗಲ್ಲ. ಅಲ್ಲ ಅಂತಾನೂ ಹೇಳಕ್ಕಾಗಲ್ಲ.”

ಜ್ವರ ಬಂತು. ಇಳಿಯಿತು. ಮತ್ತೆ ಬಂತು. ಪ್ಲೇಟ್ಲೆಟ್ ಕೊಡುವವರನ್ನು ಹುಡುಕುತ್ತ ಬೆಂಗಳೂರಿಗೂ ತುಮಕೂರಿಗೂ ಬಸ್ಸಿನಲ್ಲಿ ಅಲೆಯುವಾಗ ರೋಗದಷ್ಟೇ ಆ ದಾಖಲೆಯೂ ನನ್ನನ್ನು ಕಾಡುತ್ತಿತ್ತು. ಅದನ್ನು ನಂಬಿಯೇ ಸ್ಥಾವರ ಚಾಲೂ ಆಗಲಿತ್ತು. ಅದನ್ನು ನಂಬಿಯೇ ನಾನು ಅಚ್ಚು ಮಾಡಿದ್ದೆ.

ನಮ್ಮವರ ಸುದ್ದಿ ನಾವೇ ಬರೆಯುವಂತಿಲ್ಲ. ಸಹೋದ್ಯೋಗಿ, ಗುಬ್ಬಿಯ ನಜೀರನಿಗೆ ವಿಷಯ ಒಪ್ಪಿಸಿದೆ.

“ಹೆಸರಿಲ್ದೆ ಬರೆದ್ರೆ ನಾಳೆನೇ ಸುಳ್ಳು ಅಂತಾರೆ ಸಾರ್.”

ಹೆಸರು ಹಾಕಿದರೆ, ಲೋಕೇಶ ಗುಣವಾದರೂ ಅವನಿಗೆ ಗೊತ್ತಿರುವ ಆ ಒಂದೇ ಕೆಲಸಕ್ಕೆ ಯಾವ ಗೇಟೂ ತೆರೆಯುವುದಿಲ್ಲ. ನಜೀರನನ್ನು ಆಸ್ಪತ್ರೆಗೆ ಕರೆದೊಯ್ದು, ಲೋಕೇಶನ ಹತ್ತಿರ ಅವನೊಬ್ಬನನ್ನೇ ಬಿಟ್ಟು ಬಾಗಿಲ ಹೊರಗೆ ನಿಂತೆ. ಹೆಸರು ಹಾಕಬಹುದಾ ಎಂದು ನಜೀರ ಎರಡು ಸಲ ಕೇಳಿದ. ಲೋಕೇಶ ಹಾಸಿಗೆಯಲ್ಲಿ ಎದ್ದು ಕುಳಿತ ಸದ್ದಾಯಿತು.

“ನಂದೊಂದೇ ಹಾಕಣ್ಣ. ಜೊತೇಲಿದ್ದೋರ್ದು ಬ್ಯಾಡ. ಅಮೃತೂರು ಅಂತಾನೂ ಬರಿ, ಲೋಕೇಶ ಅನ್ನೋರು ಊರಿಗೆ ಹತ್ತು ಜನ ಅವ್ರೆ.”

ಸುದ್ದಿ ಬಂತು. ತನಿಖೆ ಮಾಡುತ್ತೇವೆ ಎಂದು ಸ್ಥಾವರದವರು ಹೇಳಿದರು. ಸ್ಥಾವರ ತುಸು ತಡವಾಗಿ ಚಾಲೂ ಆಯಿತು. ಅಲ್ಲಿಯವರೆಗೆ ಲೋಕೇಶನನ್ನು ವಿಚಾರಿಸುತ್ತಿದ್ದ ಗುತ್ತಿಗೆದಾರ ಫೋನ್ ಮಾಡುವುದನ್ನು ನಿಲ್ಲಿಸಿದ.

ವಾರ ವಾರ ರಕ್ತ ಬೇಕಾಗುತ್ತಿದ್ದ ಲೋಕೇಶನಿಗೆ ಈ ತಿಂಗಳು ಏರಿಸಿದ್ದು ಒಂದೇ ಸಲ. ಡಾಕ್ಟರ್ “ನೋಡೋಣ” ಎನ್ನುತ್ತಾರೆ. ಮೊದಲು ಅಷ್ಟನ್ನೂ ಹೇಳುತ್ತಿರಲಿಲ್ಲ.