ಕೊನೆಯ ಪುಟದ ತಳದ ಸಾಲು

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ನಾನು ಎದ್ದು ಹೋಗುವವನು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ್ದೇನೆ. ದೆವ್ವ ಕಂಡೆ ಎಂದವರೆಲ್ಲರ ಮುಖದೆದುರೇ ನಕ್ಕಿದ್ದೇನೆ. ಈಗ ನನ್ನ ಸರದಿ. ನೀವೂ ನಗಬಹುದು. ಆದರೆ ನಡುವೆ ಎದ್ದು ಹೋಗಬೇಡಿ, ಯಾಕೆಂದರೆ ಹೇಳಿ ಮುಗಿಸದಿದ್ದರೆ ನನಗೆ ನೆಮ್ಮದಿಯಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಜಮಖಂಡಿಯ ದಿನಪತ್ರಿಕೆಯೊಂದರ ಮಾಲಕರು, ಪತ್ರಿಕೆ ನಡೆದು ಬಂದ ದಾರಿಯನ್ನು ಪುಸ್ತಕ ಮಾಡಿಕೊಡಿ ಎಂದು ನನ್ನನ್ನು ಕೇಳಿದರು. ಪತ್ರಿಕೆಯ ಹೆಸರು ಹೇಳುವುದಿಲ್ಲ, ಇನ್ನೂ ನಡೆಯುತ್ತಿದೆ. ನಿವೃತ್ತನಾಗಿ ಮನೆಯವರಿಗೆ ಬೇಸರ ತರಿಸುತ್ತ ಕೂತಿದ್ದವನು ಖುಷಿಯಿಂದ ಒಪ್ಪಿದೆ. ಆ ಪತ್ರಿಕೆಯನ್ನು ಶುರು ಮಾಡಿದ ಗುರುಪಾದಪ್ಪ ಮಾಸ್ತರರು ನನಗೆ ಅಕ್ಷರ ತಿದ್ದಿಸಿದ ಗುರುಗಳು ಎಂಬುದೂ ಒಂದು ಕಾರಣ.

ಮೊದಲ ದಿನವೇ ಮಾಲಕರು ತಡೆದರು. ‘ಶುರು ಮಾಡಿದವ್ರು ನಮ್ಮ ಅಪ್ಪಾರ್ರಿ, ರಾಚಪ್ಪನವರು. ಮಾಸ್ತರ್ ಅಂಬಾವ್ರು ನಾಕ್ ದಿವ್ಸ ಬರಿಯಾಕ ಬರತಿದ್ರು ಅಷ್ಟ. ನೀವು ಪುರಾವೆ ತರ್ರಿ, ಹೆಸರು ಹಾಕೂಣು.’

ರಬಕವಿಯಲ್ಲಿ ಮಾಸ್ತರರ ಹೆಂಡತಿ ಶಾಂತವ್ವ ಇದ್ದರು. ಎಂಬತ್ತು ದಾಟಿದ ಜೀವ. ಪುಸ್ತಕದ ಸುದ್ದಿ ಕೇಳಿ ನನ್ನ ಕೈ ಹಿಡಿದುಕೊಂಡು ಒಂದೇ ಮಾತು ಹೇಳಿದ್ದರು: ‘ನಾ ಕಣ್ ಮುಚ್ಚೂದ್ರಾಗ ಅವರ ಹೆಸರು ಅದರಾಗ ನೋಡಬೇಕಪಾ ತಮ್ಮಾ. ಮತ್ತೇನೂ ಬ್ಯಾಡ.’ ಆಗಲಿ ಅವ್ವಾರ ಎಂದು ಬಂದುಬಿಟ್ಟಿದ್ದೆ. ಅಷ್ಟು ಸಲೀಸಾಗಿ ಮಾತು ಕೊಟ್ಟದ್ದಕ್ಕೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಪುರಾವೆ ಕಷ್ಟವೇನಲ್ಲ ಎಂದುಕೊಂಡಿದ್ದೆ. ಯಾವ ಪತ್ರಿಕೆಯಾದರೂ ಕೊನೆಯ ಪುಟದ ತಳದಲ್ಲಿ ಸಂಪಾದಕರು ಯಾರು, ಮುದ್ರಕರು ಯಾರು ಎಂಬ ಒಂದು ಸಾಲು ಇರಲೇಬೇಕು. ಮೊದಲ ವರ್ಷದ ಒಂದು ಸಂಚಿಕೆ ಸಿಕ್ಕರೆ ಸಾಕು. ಅದೊಂದು ಸಿಗಲಿಲ್ಲ ನೋಡಿ! ಪತ್ರಿಕೆಯ ಕಚೇರಿಯಲ್ಲಿ ಆ ವರ್ಷಗಳ ಕಟ್ಟು ಗೆದ್ದಲು ತಿಂದಿತ್ತು. ಮುಧೋಳದ ಹಳೆಯ ಏಜೆಂಟರು ಎಲ್ಲವನ್ನೂ ರದ್ದಿಗೆ ಹಾಕಿದ್ದರು. ಬೀಳಗಿ ಕಡೆಯ ಒಬ್ಬ ಓದುಗರು ಮೊದಲ ದಿನದಿಂದಲೂ ಪತ್ರಿಕೆ ಕೂಡಿಟ್ಟಿದ್ದರೆಂದು ಯಾರೋ ಹೇಳಿದರು. ಎರಡು ಬಸ್ಸು ಬದಲಿಸಿ ಹೋದರೆ ಅವರ ಮಗ ಅಂದ: ‘ಡ್ಯಾಮಿನ ಹಿನ್ನೀರು ಬಂದು ಊರು ಬಿಡೂ ಮುಂದ ಬಾಗಿಲಾ ಚೌಕಟ್ಟು ತಂದೇವಿ, ದನಾ ತಂದೇವಿ. ಪೇಪರ್ ಯಾರ್ ಹೊತ್ಕೊಂಡು ಬರ್ತಾರ್ರಿ ಸರ?’ ಬನಹಟ್ಟಿಯ ಸೀರೆ ಅಂಗಡಿಗಳನ್ನೂ ಬಿಡಲಿಲ್ಲ. ಸೀರೆಯ ಮಡಿಕೆಯಲ್ಲಿ ಪೇಪರ್ ಇಟ್ಟು ಕಟ್ಟುವ ರೂಢಿಯಿತ್ತಲ್ಲ, ಮಾರಾಟವಾಗದ ಹಳೆಯ ಸೀರೆಯಲ್ಲಿ ಒಂದಾದರೂ ಉಳಿದಿದ್ದೀತೆಂಬ ಹುಚ್ಚು ಆಸೆ. ಅಂಗಡಿಯವರು ನನಗೆ ಚಹಾ ಕೊಟ್ಟು ಕಳಿಸಿದರು. ಸರ್ಕಾರಿ ಕಚೇರಿಗೆ ಅರ್ಜಿ ಕೊಟ್ಟೆ; ಹುಡುಕಿ ತಿಳಿಸುತ್ತೇವೆ ಎಂದರು, ಇನ್ನೂ ಹುಡುಕುತ್ತಿದ್ದಾರೆ. ನಾಲ್ಕು ತಿಂಗಳು ಹೀಗೆ ತಿರುಗಿ ತಲೆ ಚಿಟ್ಟು ಹಿಡಿದುಹೋಯಿತು.

ಕೊನೆಗೆ ನೆನಪಾದವನು ಬೀರಪ್ಪ. ಅಚ್ಚಿನ ಮೊಳೆಗಳನ್ನು ಒಂದೊಂದಾಗಿ ಕೈಯಿಂದ ಜೋಡಿಸುತ್ತಿದ್ದ ಕಾಲದಲ್ಲಿ ಆ ಪ್ರೆಸ್ಸಿನ ಕಂಪೋಜಿಟರ್. ಈಗ ಎರಡೂ ಕಣ್ಣು ಹೆಚ್ಚುಕಡಿಮೆ ಹೋಗಿವೆ. ಅವನು ಹೇಳಿದ ಒಂದು ವಿಷಯ ನನಗೆ ಹೊಸದು. ಮೊಳೆ ಕಡಿಮೆ ಇದ್ದುದರಿಂದ ಪುಟ ಅಚ್ಚಾದ ಕೂಡಲೇ ಎಲ್ಲವನ್ನೂ ಬಿಡಿಸಿ ಖಾನೆಗೆ ಹಾಕುತ್ತಿದ್ದರಂತೆ. ಆದರೆ ತಳದ ಆ ಒಂದು ಸಾಲನ್ನು ಮಾತ್ರ ಬಿಡಿಸುತ್ತಿರಲಿಲ್ಲ. ದಿನವೂ ಬೇಕಾದದ್ದಲ್ಲವೆ? ದಾರ ಸುತ್ತಿ ಎತ್ತಿಟ್ಟು, ನಾಳಿನ ಪುಟಕ್ಕೆ ಅದನ್ನೇ ಕೂಡಿಸುತ್ತಿದ್ದರು.

‘ಆ ಸಾಲು ಇನ್ನೂ ಹಿಂದಿನ ಖೋಲ್ಯಾಗ ಇರಬೇಕ್ರಿ. ಆದ್ರ ಉಪಯೋಗಿಲ್ಲ. ಮಾಸ್ತರ್ ಬಿಟ್ಟು ಹ್ವಾದ ದಿವ್ಸ ಅವರ ಹೆಸರಿನ ಮೊಳಿ ನಾನ ಕಿತ್ತೇನಿ, ಈ ಕೈಲೇನ. ರಾಚಪ್ಪಗೌಡ್ರ ಹೆಸರು ಸಣ್ಣದು, ಜಾಗಾ ಉಳೀತು. ಎರಡೂ ಬಾಜೂ ಖಾಲಿ ಮೊಳಿ ತುಂಬಿದ್ನಿ.’

ಆದರೂ ಪ್ರೆಸ್ಸಿನ ಹಿಂದಿನ ಆ ಕೋಣೆಗೆ ಹೋದೆವು. ಮಧ್ಯಾಹ್ನ, ಉರಿಬಿಸಿಲು, ಕರೆಂಟಿರಲಿಲ್ಲ. ಮಾಲಕರ ಮನುಷ್ಯ ಕೀಲಿ ತೆಗೆದು ಕೊಟ್ಟು ಊಟಕ್ಕೆ ಹೋದ. ಯಂತ್ರ ಗುಜರಿಗೆ ಹೋಗಿ ಎಷ್ಟೋ ಕಾಲವಾಗಿತ್ತು. ಮೂಲೆಯ ಮರದ ಹಲಗೆಯ ಮೇಲೆ ಆ ಸಾಲು ಇತ್ತು, ದಾರದ ಸಮೇತ. ಕಿಟಕಿಯ ಹತ್ತಿರ ಹಿಡಿದು ಓದಿದೆ. ಮೊಳೆಯ ಅಕ್ಷರ ತಿರುವುಮುರುವಾಗಿರುತ್ತದೆ, ನಿಧಾನವಾಯಿತು. ರಾಚಪ್ಪನ ಹೆಸರೇ. ಎರಡೂ ಪಕ್ಕ ಖಾಲಿ ಜಾಗ, ಬೀರಪ್ಪ ಹೇಳಿದ ಹಾಗೆಯೇ. ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡೆ. ಅಳು ಬರುವಷ್ಟು ಬೇಸರವಾಯಿತು.

ಬೀರಪ್ಪ ಅದನ್ನು ತನ್ನ ಕೈಗೆ ಇಸಿದುಕೊಂಡು ಬೆರಳಾಡಿಸಿದ. ಒಮ್ಮೆ, ಎರಡು ಸಲ. ಅವನ ಮುಖದ ಬಣ್ಣವೇ ಬದಲಾಯಿತು.

‘ಸರ, ಇದು ಮಾಸ್ತರ್ ಹೆಸರು.’

‘ಹುಚ್ಚಾ, ನಾ ಈಗರ ಓದೇನಿ.’

‘ನೀವು ಕಣ್ಣೀಲೆ ಓದೀರಿ. ಶಾಯಿ ಹಚ್ಚಿ ತಗೀರಿ ನೋಡೂಣು.’

ಹಟ ಹಿಡಿದ. ಪಕ್ಕದ ಪ್ರೆಸ್ಸಿನಿಂದ ಒಂದಿಷ್ಟು ಶಾಯಿಯನ್ನೂ ಮೂರು ಬಿಳಿ ಹಾಳೆಗಳನ್ನೂ ನಾನೇ ತಂದೆ. ಹಾಳೆಗಳ ಎರಡೂ ಬದಿ ಖಾಲಿಯಿದ್ದವು, ನೋಡಿದ್ದೇನೆ. ಮೊಳೆಗೆ ಶಾಯಿ ಹಚ್ಚಿ, ಹಾಳೆಯಿಟ್ಟು, ಹಳೆಯ ಕಾಲದಂತೆ ಅಂಗೈಯಿಂದ ಒತ್ತಿ ಎತ್ತಿದೆ.

‘ಸಂಪಾದಕರು, ಮುದ್ರಕರು ಮತ್ತು ಪ್ರಕಾಶಕರು: ಗುರುಪಾದಪ್ಪ.’

ಕಣ್ಣುಜ್ಜಿಕೊಂಡೆ. ಖಾಲಿ ಜಾಗವೇ ಇಲ್ಲ, ಐದು ಅಕ್ಷರ ಇಕ್ಕಟ್ಟಾಗಿ ಕೂತಿವೆ. ಗಾಬರಿಯಲ್ಲಿ ಎರಡನೆಯ ಹಾಳೆ ಒತ್ತಿದೆ. ರಾಚಪ್ಪ. ಮೂರನೆಯದು, ರಾಚಪ್ಪ. ಮೊಳೆ ಎತ್ತಿ ನೋಡಿದೆ, ಮೊದಲು ಕಂಡದ್ದೇ. ಮೊದಲ ಹಾಳೆಯಲ್ಲಿ ಮಾತ್ರ ಮಾಸ್ತರರು ಇದ್ದಾರೆ, ನನ್ನ ಹೆಬ್ಬೆರಳಿಗೆ ಆ ಹೆಸರಿನ ಶಾಯಿ ಅಂಟಿದೆ. ಬೀರಪ್ಪ ಏನಾದರೂ ಕೈಚಳಕ ಮಾಡಿದನೆ? ಹಾಳೆಯನ್ನು ಅವನು ಮುಟ್ಟಲೇ ಇಲ್ಲ. ಗೋಡೆಗೆ ಒರಗಿ ಮಾಸ್ತರರ ಹೆಸರು ಹೇಳಿ ಅಳುತ್ತಿದ್ದ. ಆಮೇಲೆ ಎಷ್ಟು ಕೇಳಿದರೂ ‘ನನ್ನ ಕೇಳಬ್ಯಾಡ್ರಿ ಸರ’ ಎಂದಷ್ಟೇ ಹೇಳಿದ.

ಹೆದರಿಕೆ ಇಳಿದ ಮೇಲೆ ನನಗೆ ಬಂದದ್ದು ಸಿಟ್ಟು. ಬಂದದ್ದೇ ಬಂತು, ಹೀಗೆ ಯಾಕೆ ಬರಬೇಕಿತ್ತು? ಹಳದಿ ಬಣ್ಣಕ್ಕೆ ತಿರುಗಿದ ಒಂದು ಹಳೆಯ ಸಂಚಿಕೆಯಾಗಿ ಸಿಕ್ಕಿದ್ದರೆ ಏನಾಗುತ್ತಿತ್ತು? ಈ ಹಾಳೆ ಯಾರಿಗೆ ತೋರಿಸಲಿ? ಆದರೂ ಮಾಲಕರ ಮುಂದೆ ಇಟ್ಟೆ. ಅವರು ಬೈಯಲಿಲ್ಲ, ಅದು ಇನ್ನೂ ಕೆಟ್ಟದ್ದಾಯಿತು. ‘ಸರ, ನೀವು ಕಲ್ತಾವ್ರು. ನಿನ್ನಿ ಜೋಡ್ಸಿ ತಗದದ್ದು ಪುರಾವೆ ಆಕ್ಕೈತೇನ್ರಿ?’ ಎಂದು ನಗುತ್ತ ಹಾಳೆ ಮರಳಿ ಕೊಟ್ಟರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಪುಸ್ತಕ ಬರೆಯುವುದಿಲ್ಲ ಎಂದು ಹೇಳಿ ಎದ್ದು ಬಂದೆ. ಬೇರೆ ಯಾರೋ ಬರೆದರು. ಅಂದವಾಗಿ ಬಂದಿದೆ, ಮಾಸ್ತರರು ಅದರಲ್ಲಿಲ್ಲ.

ಮಾಲಕರಲ್ಲಿಂದ ಎದ್ದು ಬಂದ ದಿನವೇ ಹಾಳೆಯನ್ನು ಶಾಂತವ್ವನಿಗೆ ಕೊಡೋಣವೆನಿಸಿತು. ಪುಸ್ತಕದಲ್ಲಿ ಬಾರದಿದ್ದರೇನು, ಅಚ್ಚಾದ ಹೆಸರನ್ನಾದರೂ ನೋಡಲಿ. ರಬಕವಿಗೆ ಹೋಗಿ ಅವರ ಕೈಯಲ್ಲಿಟ್ಟೆ. ನಡೆದದ್ದನ್ನು ಒಂದೂ ಬಿಡದೆ ಹೇಳಿದೆ. ಕಣ್ಣಿಗೆ ಹತ್ತಿರ ಹಿಡಿದು ಓದಿದರು. ಹೆಸರಿನ ಮೇಲೆ ಬೆರಳಿಟ್ಟರು. ಹಾಳೆಯನ್ನು ತಿರುಗಿಸಿದರು, ಮೂಸಿ ನೋಡಿದರು. ಹೊಸ ಶಾಯಿಯ ವಾಸನೆ ಇನ್ನೂ ಹೋಗಿರಲಿಲ್ಲ.

‘ಯಾರ ಕಡಿಂದ ಮಾಡಿಸಿದಿ ತಮ್ಮಾ?’

‘ಖರೇನ ಹೇಳಾಕತ್ತೇನ್ರಿ ಅವ್ವಾರ, ನಾ ಮಾಡ್ಸಿಲ್ಲ. ತಾನ ಬಂತು.’

ಅವರು ಹಾಳೆಯನ್ನು ಮಡಿಲಲ್ಲಿಟ್ಟುಕೊಂಡರು. ಆಮೇಲೆ ಅಂದರು: ‘ನಮ್ಮವ್ರು ಪೇಪರ್ ಯಾಕ ಬಿಟ್ಟು ಬಂದ್ರು ಗೊತ್ತೈತೇನು ನಿನಗ? ರೊಕ್ಕಾ ಹಾಕಿದ ರಾಚಪ್ಪಗೌಡ್ರು ಒಂದು ಸುಳ್ಳು ಸುದ್ದಿ ಹಾಕ್ರಿ ಅಂದ್ರಂತ. ನನ್ನ ಕೈಲೆ ಆಗೂದಿಲ್ಲ ಅಂದು ಮನಿಗೆ ಬಂದು ಕುಂತ್ರು. ಅಂಥವ್ರ ಹೆಸರು ಸುಳ್ಳು ಅಚ್ಚು ಹಾಕ್ಸಿ, ನನ್ನ ಸಮಾಧಾನಕ್ಕಂತ ತಂದೀಯಲ್ಲಪಾ. ಅವರ ಕೈಯಾಗ ಕಲ್ತಾಂವ ನೀನು.’

ಹಾಳೆಯನ್ನು ಎರಡು ಮಡಿಕೆ ಮಾಡಿ ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಕಟ್ಟೆಯ ಮೇಲೆ ತುಂಬ ಹೊತ್ತು ಕೂತಿದ್ದೆ. ಅವರು ಹೊರಗೆ ಬರಲಿಲ್ಲ.

ಆಮೇಲೆ ಎರಡು ಸಲ ಹೋದೆ, ಬಾಗಿಲು ತೆಗೆಯಲಿಲ್ಲ. ಮೂರನೆಯ ಸಲ ಹೋದಾಗ ಅವರು ಇರಲಿಲ್ಲ, ಮಣ್ಣು ಮಾಡಿ ಒಂಬತ್ತು ದಿನವಾಗಿತ್ತು. ಆ ಮಧ್ಯಾಹ್ನ ನಡೆದದ್ದೇನೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಶಾಂತವ್ವ ಮಾತ್ರ, ನಾನು ಸುಳ್ಳುಗಾರ ಎಂದು ತಿಳಿದುಕೊಂಡೇ ಹೋದರು.